ಅಂಗಳದ ಕರಕಿ

ಪಟಾನ್‌ಚೆರುವಿನ ಔಷಧಿ ಕಾರ್ಖಾನಿಯೊಳಗ ವಾರದಾಗ ಆರು ದಿನ ನಿಂತು ನಿಂತು ನನ್ನ ಕಾಲು ಬಾತಿರ್ತಿದ್ವು. ಏಳನೇ ದಿನ ರವಿವಾರ, ಹುಲ್ಲಿನ ಮುಂದ ಕುಕ್ಕರಗಾಲಿಲೆ ಕುಂಡ್ರಬೇಕು. ಹಣೇಬರಾ! ಮೆಹದಿಪಟ್ಟಣಂದಾಗ ನಾವಿದ್ದ ಬಾಡಿಗಿ ಮನಿ ಮುಂದ ನಾಕು ಚಾಪಿ ಹಾಸೂವಷ್ಟು ಒಂದು ಲಾನ್ ಇತ್ತು. ಮಾಲಕರು ಯಾರಿಗೋ ಹೇಳಿ ಹಚ್ಚಿಸಿದ ಮೆಕ್ಸಿಕನ್ ಹುಲ್ಲು. ಚಳಿಗಾಲದಾಗ ನಾ ನೀರು ಹಾಕೂದು ಬಿಟ್ಟಿದ್ದೆ, ಅರ್ಧ ಒಣಗಿ ಹೋಗಿತ್ತು.

ಸಂಕ್ರಾಂತಿ ಮುಗದ ಮರುದಿನ ಮಾಲಕರು ಬಂದು ನೋಡಿ ಮಾರಿ ಗಂಟು ಹಾಕಿದ್ರು. ಯುಗಾದಿಗೆ ಮತ್ತ ಬರ್ತೀನಿ, ಲಾನ್ ಹಸಿರು ಕಾಣಬೇಕು, ಇಲ್ಲಂದ್ರ ಮನಿ ಖಾಲಿ ಮಾಡ್ರಿ, ಸಾಫ್ಟ್‌ವೇರ್‌ನವರು ದಿನಾ ಮನಿ ಕೇಳಾಕತ್ತಾರ ಅಂತ ತೆಲುಗಿನಾಗ ಹೇಳಿ ಹೋದ್ರು. ಆಗಿನ ಕಾಲ ಹಂಗಽ ಇತ್ತು. ನಮ್ಮ ಮನಿಯವರಿಗೆ ಬೀದರದಾಗ ನೌಕರಿ, ತಿಂಗಳಿಗೊಮ್ಮೆ ಬರೋರು. ಸೊಂಟ ಮುರಕೊಂಡು ಮಂಚ ಹಿಡಿದ ಅತ್ತಿ, ಐದು ವರ್ಷದ ಮಗಳು, ಇಬ್ಬರನ್ನೂ ಕಟಗೊಂಡು ನಾ ಎಲ್ಲಿ ಅಂತ ಮನಿ ಹುಡುಕ್ಲಿ?

ಲಾನಿನಾಗ ಕರಕಿ, ಅಂದ್ರ ಗರಿಕಿ ಹುಲ್ಲು, ಹೊಕ್ಕಿತ್ತು. ಅದನ್ನ ಕಿತ್ತು, ಕೆಮ್ಮಣ್ಣು, ಕುರಿಗೊಬ್ಬರ ಜರಡಿ ಹಿಡಿದು ಹಾಕಿದ್ರ ಒಳ್ಳೇ ಹುಲ್ಲು ಚಿಗೀತೈತಿ ಅಂತ ನನ್ನ ಲೆಕ್ಕ. ನಾ ಖುರ್ಪಿ ಹಿಡದ್ರ ಮಗಳು ಒಂದು ಸ್ಟೀಲ್ ಚಮಚಾ ಹಿಡಕೊಂಡು ಬಾಜೂಕ ಕುಂಡ್ರಾಕಿ.

"ಅವ್ವಾ, ಇದು ಕರಕಿ ಏನು?"

"ಹೂಂ, ಕೀಳು."

"ಮತ್ತ ಇದು?"

"ನಿನ್ನ ಪ್ರಶ್ನಿಗೆ ಬೆಂಕಿ ಹಚ್ಚಲಿ, ಅದೂ ಕೀಳು!"

ಕಿತ್ತಿದ್ದನ್ನ ಬಕೀಟಿನಾಗ ತುಂಬಿ ಗೇಟಿನ ಹೊರಗ ಕಸದ ಗುಂಡಿಗೆ ಒಗದು ಬರೂದು ಆಕಿ ಕೆಲಸ. ನಾ ಅಷ್ಟರಾಗ ಗ್ವಾಡಿಗೆ ಒರಗಿ ಕಣ್ಣು ಮುಚ್ಚತಿದ್ದೆ. ಆಕಿ ಎಷ್ಟೊತ್ತಿಗೆ ತಿರುಗಿ ಬಂದ್ಲು ಅಂತ ಒಂದಿನಾನೂ ನೋಡಲಿಲ್ಲ.

ನಾಕನೇ ರವಿವಾರ ನೋಡ್ತೀನಿ, ಬೋಳಾದ ಜಾಗಾದಾಗೆಲ್ಲಾ ಕರಕಿ! ತಾನಾಗಿ ಬೆಳದಿದ್ದಲ್ಲ, ರಂಗೋಲಿ ಚುಕ್ಕಿ ಇಟ್ಟಂಗ ಸಾಲು ಸಾಲಾಗಿ. ತಿರುಗಿ ನೋಡಿದ್ರ ಮಗಳು ಚಮಚಾದಿಂದ ತೆಗ್ಗು ತಗದು ಮತ್ತೊಂದು ಹಚ್ಚಾಕತ್ತಿದ್ಲು. ನಾಕು ವಾರ ಮಾಡಿದ್ದು ನೀರಾಗ ಹೋಮ ಆಗಿತ್ತು. ಬೆನ್ನಿಗೆ ಒಂದು ಹಾಕೇಬಿಟ್ಟೆ.

"ಅಜ್ಜಿ ಹೇಳ್ಯಾಳ, ಗಣಪ್ಪನ ಕರಕಿ ಕಸದಾಗ ಒಗೀಬಾರ್ದಂತ," ಅಂತ ಬಿಕ್ಕಿದ್ಲು. "ಅಜ್ಜಿಗೆ ಹೊರಗ ಹೋಗಾಕ ಆಗೂದಿಲ್ಲಲ್ಲ, ಇಲ್ಲೇ ಬೆಳೀಲಿ ಅಂತ..."

ಒಳಗಿಂದ ಅತ್ತಿ ಕೂಗಿದ್ರು: "ಕೂಸಿನ್ನ ಯಾಕ ಬಡೀತಿ? ಬೈಯೂದಿದ್ರ ನನಗ ಬೈ."

ಸೊಂಟ ಮುರಿಯೂತನಕ ಅತ್ತಿ ದಿನಾ ಬಾಜೂಕಿನ ಖಾಲಿ ಪ್ಲಾಟಿಗೆ ಹೋಗಿ ಪೂಜಾಕ ಇಪ್ಪತ್ತೊಂದು ಕರಕಿ ಆರಿಸಿಕೊಂಡು ಬರ್ತಿದ್ರು. ಅದು ನನಗ ಗೊತ್ತಿತ್ತು. ಆದ್ರ ನೆನಪಾಗಲಿಲ್ಲ, ಅಷ್ಟು ದಣದಿದ್ದೆ. ಮತ್ತ ಕೀಳಾಕ ಕೈಯಾಗ ಕಸುವೂ ಇರಲಿಲ್ಲ. ಆದದ್ದಾಗ್ಲಿ ಅಂತ ಎರಡು ದಿನಕ್ಕೊಮ್ಮೆ ನಳ ಬಂದಾಗ ನೀರಷ್ಟು ಹೊಡದೆ.

ಯುಗಾದಿ ಹೊತ್ತಿಗೆ ಬಿಸಲಿಗೆ ಮೆಕ್ಸಿಕನ್ ಹುಲ್ಲು ಪೂರಾ ಸುಟ್ಟುಹೋತು. ಕರಕಿ ಮಾತ್ರ ಹಬ್ಬಿ ಅಂಗಳ ತುಂಬಿತ್ತು. ಮಾಲಕರು ಬಂದ್ರು, ಚಪ್ಪಲಿ ಬಿಟ್ಟು ಅದರ ಮ್ಯಾಲೆ ಎರಡು ಸುತ್ತು ಹಾಕಿದ್ರು. ಯಾವ ಹುಲ್ಲಾದ್ರೇನು, ಅವರಿಗೆ ಹಸಿರು ಕಂಡ್ರ ಸಾಕಿತ್ತು.

"ಬಾಗುಂದಮ್ಮಾ!" ಅಂದ್ರು. ಚಲೋ ಆಗೇತಿ, ಮನಿ ಬಿಡೂದು ಬ್ಯಾಡ ಅಂದ್ರು. ಆಮ್ಯಾಲೆ, ತೋಟದ ಮಾಲಿನ್ನ ಇಟ್ಟಿದ್ರೇನು, ಯಾರು ಮಾಡಿದ್ರು ಅಂತ ಕೇಳಿದ್ರು.

"ಯಾರೂ ಇಲ್ರಿ, ನಾನಽ ಮಾಡೀನಿ," ಅಂದೆ.

ಮಗಳು ಬೇವು-ಬೆಲ್ಲದ ಬಟ್ಟಲ ಹಿಡಕೊಂಡು ನನ್ನ ಮಗ್ಗಲಕ್ಕಽ ನಿಂತಿದ್ಲು. ನನ್ನ ಮಾರಿ ಒಮ್ಮೆ ನೋಡಿ, ಬಟ್ಟಲ ಕಟ್ಟಿ ಮ್ಯಾಲೆ ಇಟ್ಟು ಒಳಗ ಹೋದ್ಲು.

ಮುಂದಿನ ರವಿವಾರ ಖುರ್ಪಿ ತಗೊಂಡು, ಚಮಚಾನೂ ತಗೊಂಡು, ಬಾರವಾ ಅಂತ ಕರದೆ. ಆಕಿ ಅಜ್ಜಿ ಮಂಚದ ಮ್ಯಾಲೆ ಕುಂತು ಕರಕಿ ಎಣಸಾಕತ್ತಿದ್ಲು. ತಲಿ ಎತ್ತಲಿಲ್ಲ.

"ನೀನಽ ಮಾಡೀಯಲ್ಲ," ಅಂದ್ಲು, "ನೀನಽ ಮಾಡು."