ಶೋಕೇಸಿನಲ್ಲಿ ಬಿಳಿ ಸೀರೆಯ ಮದುಮಗಳು

ಅಂಗಡಿಯ ಗೊಂಬೆ ತಾನೇ ಸೀರೆ ಉಟ್ಟುಕೊಳ್ಳುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಗಾಜಿನ ಮುಂದೆ ನಿಂತು ಸೆಲ್ಫಿ ಹೊಡೆದುಕೊಳ್ಳುತ್ತೀರಿ. ಉಡಿಸಿದ ಕೈ ಯಾರದೆಂದು ಒಮ್ಮೆಯೂ ಕೇಳುವುದಿಲ್ಲ.

ಆ ಕೈ ಘಾಟಬೋರಾಳದ ಸುಜಾತಾಳದು. ತುಳಜಾರಾಮ ಸೇಠ್‌ಗೆ ದುಬಾರಿ ರೇಷ್ಮೆಯ ಶೋರೂಮು ಎರಡು: ಹುಮನಾಬಾದದಲ್ಲೊಂದು, ಬಸವಕಲ್ಯಾಣದಲ್ಲೊಂದು. ಎರಡರ ಶೋಕೇಸೂ ಅವಳ ಪಾಲಿಗೆ. ಥರ್ಮಾಕೋಲ್ ಕೊಯ್ದು ಮಂಟಪ ಕಟ್ಟಬೇಕು, ಪ್ಲೈವುಡ್ಡಿಗೆ ಬಣ್ಣ ಬಳಿಯಬೇಕು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಮೊಣಕಾಲೂರಿ ಗೊಂಬೆಗೆ ನೆರಿಗೆ ಹಿಡಿಯಬೇಕು. ಮುಂದೆ ಗಾಜು, ಹಿಂದೆ ಹಲಗೆ, ತಲೆಯ ಮೇಲೆ ಸುಡುವ ಲೈಟು. ಎಸಿ ಇರುವುದು ಗಿರಾಕಿಗಳಿಗೆ.

"ಕುಂತರ ಏಳಾಕ ಆಗೂದಿಲ್ಲಣ್ಣಾ, ನಿಂತರ ಕೂಡಾಕ ಆಗೂದಿಲ್ಲ. ನನಗಿಂತ ಗೊಂಬೀನೇ ಪಾಡ," ಅನ್ನುತ್ತಾಳೆ, ಇದನ್ನೆಲ್ಲ ಬರೆಯುವ ನನ್ನ ಮುಂದೆ. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತೆಂದರೆ ಅಲ್ಲೇ ನಿದ್ದೆ.

ಈ ಸಲ ಮದುವೆ ಸೀಜನ್ನಿಗೆ ಸೇಠ್ ಫೋನಿನಲ್ಲೇ ಹುಕುಂ ಕೊಟ್ಟ: "ಬಸವಕಲ್ಯಾಣದಾಗ ಮದುಮಗಳನ್ನ ನಿಲ್ಲಸು. ನಿನಗ ಹ್ಯಾಂಗ ಚಂದ ಕಾಣ್ತದೋ ಹಾಂಗ."

ನಿನಗೆ ಚಂದ ಕಂಡ ಹಾಗೆ! ಇಷ್ಟು ವರ್ಷದಲ್ಲಿ ಅವಳಿಗೆ ಯಾರೂ ಅಂದಿರದ ಮಾತು. ಸುಜಾತಾಳದು ಬೌದ್ಧ ಮನೆತನ. ಅವರಲ್ಲಿ ಮದುಮಗಳು ಉಡುವುದು ಬಿಳಿ ಸೀರೆ. ಅವಳು ಜರಿಯಂಚಿನ ಬಿಳಿ ರೇಷ್ಮೆ ಆರಿಸಿದಳು, ಹಿಂದಿನ ಹಲಗೆಗೆ ಕಾಗದದ ಅರಳಿ ಎಲೆ ಅಂಟಿಸಿದಳು. ತನ್ನ ಲಗ್ನದಲ್ಲಿ ಉಟ್ಟದ್ದು ಹತ್ತಿಯದು. ಗೊಂಬೆಗಾದರೂ ರೇಷ್ಮೆ ಇರಲಿ.

ಮರುದಿನ ಮೊದಲ ಗಿರಾಕಿ ಹೆಣ್ಣುಮಗಳು ಹೊಸ್ತಿಲಲ್ಲೇ ನಿಂತಳು. "ಏನ್ ಸೇಠಜೀ, ಬಾಗಲದಾಗೇ ಗಂಡ ಸತ್ತಾಕಿನ್ನ ನಿಲ್ಲಸೀರಲ್ಲ! ನಾವು ಲಗ್ನದ ಜವಳಿಗೆ ಬಂದೇವೋ, ತಿಥಿಗೆ ಬಂದೇವೋ?"

ಕೂಡಿದವರೆಲ್ಲ ನಕ್ಕರು. ಸೇಠ್ ನಗಲಿಲ್ಲ. ಸುಜಾತಾಳನ್ನು ಕರೆದ.

"ಮದುಮಗಳು ಅಂದಿದ್ದೆ. ಏನಿದು ಅಪಶಕುನ?"

"ಮದುಮಗಳೇ ರಿ. ನಮ್ಮಲ್ಲಿ ಹಿಂಗೇ ಇರ್ತಾಳ."

"ನಿಮ್ಮಲ್ಲಿ ಇರ್ಲಿ. ಇದು ಬಜಾರ."

"ನಮ್ಮ ಮಂದಿ ಬಜಾರಕ್ಕ ಬರೂದಿಲ್ಲೇನ್ರಿ?"

"ಉಲಟಾ ಮಾತಾಡಬ್ಯಾಡ. ಕೆಂಪು ಉಡಸು, ಇಲ್ಲಾಂದ್ರ ನಾಳಿಂದ ಬರಬ್ಯಾಡ." ಆಮೇಲೆ ತುಸು ಮೆತ್ತಗಾಗಿ ಅಂದ: "ನಾ ಕೆಟ್ಟಾಂವ ಅಲ್ಲವ್ವಾ. ಕೇಳೋರೇ ಇಲ್ಲ. ನಾಕು ಮಂದಿ ಬಂದು ಬಿಳೇ ಲಗ್ನದ ಸೀರಿ ಕೇಳ್ಲಿ, ನಾನೇ ಮುಂದ ನಿಂತು ನಿಲ್ಲಸ್ತೀನಿ."

ಅವಳು ಮತ್ತೆ ಮೊಣಕಾಲೂರಿದಳು. ಪಿನ್ನು ಕಿತ್ತಳು, ಎಲೆ ಕಿತ್ತಳು, ಕೆಂಪು ಉಡಿಸಿದಳು. ಕಾಯಕ, ಸಮಾನತೆ ಅಂತ ವರ್ಷವಿಡೀ ಮೈಕು ಹಿಡಿಯುವ ಊರಿನ ನಟ್ಟನಡುವೆ, ಹಾಡಹಗಲಲ್ಲಿ, ಒಬ್ಬ ಮದುಮಗಳನ್ನು ಬಾಗಿಲಿನಿಂದ ಇಳಿಸಲಾಯಿತು. ಯಾರೂ ತಿರುಗಿ ನೋಡಲಿಲ್ಲ.

"ಇನ್ನೊಂದು ಮಾತು ಅನ್ನಬೇಕಿತ್ತವ್ವಾ," ಅಂದೆ ನಾನು, ಸುದ್ದಿ ಕೇಳಿ ಉರಿದು.

"ಅಂದೆನಲ್ಲಣ್ಣಾ. ನಾ ಒಬ್ಬಾಕಿ ಎಷ್ಟಂತ ಅನ್ಲಿ? ನೀ ಬರೀತಿ, ಅವರು ಓದ್ತಾರ, ಚಾ ಕುಡೀತಾರ. ಕೆಂಪು ಸೀರಿ ಹಂಗೇ ನಿಂತಿರ್ತದ."

ಅವಳ ಮಾತನ್ನು ಸುಳ್ಳು ಮಾಡಿ. ನಿಮ್ಮ ಮನೆಯಲ್ಲಿ ಲಗ್ನವಿರಲಿ ಬಿಡಲಿ, ನಿಮ್ಮ ಜಾತಿ ಯಾವುದೇ ಇರಲಿ, ಈ ವಾರ ಬಜಾರಕ್ಕೆ ಹೋದಾಗ ರೇಷ್ಮೆ ಅಂಗಡಿಯ ಮೆಟ್ಟಿಲು ಹತ್ತಿ. ಗಲ್ಲಾದ ಮುಂದೆ ನಿಂತು, ಎಲ್ಲರ ಕಿವಿಗೂ ಬೀಳುವಂತೆ ಕೇಳಿ: "ಬಿಳೇ ಲಗ್ನದ ಸೀರಿ ತೋರಸ್ರಿ."