ನಾನು ಹಚ್ಚದ ದೀಪ

ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಾಗ ಫೋನು ಬಂತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾರೋ ಹೇಳಿದ್ದನ್ನು ಕೇಳಿ ಬರೆದದ್ದಲ್ಲ. ನಮ್ಮ ಮನೆಯ ದೇವರ ಜಗಲಿಯ ಮುಂದೆ, ನನ್ನ ಕಣ್ಣೆದುರಿಗೇ ಆದದ್ದು. ನಂಬದಿದ್ದರೂ ನನಗೆ ಬೇಸರವಿಲ್ಲ. ಆದರೆ ಸುಳ್ಳು ಬರೆದು ಸಂಜೆ ನಮ್ಮ ಮನೆದೇವತೆ ಹುಲಿಗೆಮ್ಮನ ಮುಂದೆ ಕೈಮುಗಿದು ನಿಲ್ಲುವ ಧೈರ್ಯ ನನಗಿಲ್ಲ.

ಫೋನು ಮಾಡಿದ್ದು ನನ್ನ ವಾರಗಿತ್ತಿ ಸುಜಾತ, ಮಾನ್ವಿಯಿಂದ. ಅಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ. ಮರುದಿನ ಬೆಳಿಗ್ಗೆ ಅವಳು ಪಿಎಚ್‌ಡಿಯ ಲೆಕ್ಕವನ್ನೆಲ್ಲ ತನ್ನ ಗೈಡ್ ಸರ್‌ಗೆ ತೋರಿಸಬೇಕು, ಇಲ್ಲದಿದ್ದರೆ ಒಂದು ವರ್ಷ ಹಿಂದೆ ಬೀಳುತ್ತಾಳೆ. ಅದಕ್ಕೇ ರಾಯಚೂರಿಗೆ ಬಂದು, ನಮ್ಮ ಮನೆಯಲ್ಲಿ ರಾತ್ರಿ ಕೂತು ಮುಗಿಸುತ್ತಾಳಂತೆ.

ಮೊಣಕಾಲು ನೋವೆಂದು ಮಲಗಿದ್ದ ಅತ್ತೆ ಸುದ್ದಿ ಕೇಳಿದ್ದೇ ಎದ್ದು, ಮಿರ್ಚಿ ಭಜಿಗೆ ಕಡಲೆಹಿಟ್ಟು ಹುಡುಕಿದರು. ನನಗೆ ಜ್ವರ ಬಂದಾಗ ಅವರ ಕೈಯ ಒಂದು ಲೋಟ ಗಂಜಿ ಕಂಡವಳಲ್ಲ ನಾನು. ಇರಲಿ. ಕಾಲು ನೋವು ಮರೆತು ಓಡಾಡಿದರಲ್ಲ, ಅದೇ ಪುಣ್ಯ ಅಂದುಕೊಂಡೆ.

ಸುಜಾತ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಬಾಯಿತುಂಬ ಅಕ್ಕಾ ಅನ್ನುತ್ತಾಳೆ, ಉಂಡ ತಾಟು ತಾನೇ ತೊಳೆಯುತ್ತಾಳೆ. ದೇವದುರ್ಗದ ಕಡೆ ಹತ್ತಿ ಬಿಡಿಸಿ ಬದುಕಿದ ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಸಿಕೊಳ್ಳುವವಳು ಅವಳೇ ಮೊದಲು ಎಂದು ಅತ್ತೆ ಓಣಿಗೆಲ್ಲ ಹೇಳಿಯಾಗಿತ್ತು. ಓದು ಎಸ್‌ಎಸ್‌ಎಲ್‌ಸಿಗೇ ನಿಂತುಹೋದ ನನಗೆ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ದೇವರ ದೀಪವೊಂದೇ. ಹಿರಿಸೊಸೆಯೇ ಹಚ್ಚಬೇಕು, ಬೇರೆ ಯಾರೂ ಬತ್ತಿ ಮುಟ್ಟಬಾರದು. ಮದುವೆಯಾಗಿ ಬಂದ ದಿನವೇ ಅತ್ತೆ ಅದನ್ನು ನನಗೆ ಒಪ್ಪಿಸಿದ್ದರು.

ಸುಜಾತಳ ಓದು ಬಿಸಿಲಿನ ಮೇಲೆ. ಕೂಲಿ ಮಾಡುವವರ ಮನೆಯೊಳಗೆ ಬೇಸಿಗೆಯಲ್ಲಿ ಎಷ್ಟು ಸೆಕೆ ಇರುತ್ತದೆ ಅಂತ. ಅದಕ್ಕೆ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಯಂತ್ರಗಳನ್ನು ಪೋತ್ನಾಳದಲ್ಲಿ, ದೇವದುರ್ಗದ ಹಳ್ಳಿಗಳಲ್ಲಿ, ರಾಯಚೂರಿನ ಓಣಿಗಳಲ್ಲಿ ಇಟ್ಟಿದ್ದಳು. ಅವು ಹಗಲೂ ರಾತ್ರಿ ಶಾಖವನ್ನು ಗುರುತು ಹಾಕಿಕೊಳ್ಳುತ್ತವೆ. ನಮ್ಮ ಮನೆಗೂ ಒಂದು ಕೊಟ್ಟಿದ್ದಳು. ಅತ್ತೆ ಅದನ್ನು ಬೇರೆಲ್ಲೂ ಇಡಗೊಡದೆ ಜಗಲಿಯ ಮೇಲೆ, ದೀಪದ ಪಕ್ಕದಲ್ಲೇ ಇಟ್ಟರು. ಶುಕ್ರವಾರ ಬಂತೆಂದರೆ ಹುಲಿಗೆಮ್ಮನಿಗೆ ಅರಿಶಿನದ ಭಂಡಾರ ಹಚ್ಚಿದ ಕೈಯಲ್ಲೇ ಆ ಯಂತ್ರಕ್ಕೂ ಹಚ್ಚುತ್ತಿದ್ದರು. ಸೊಸೆ ಪಾಸಾಗಬೇಕಲ್ಲ!

ಸುಜಾತ ಬಂದು, ಎರಡು ಭಜಿ ತಿಂದು, ಲ್ಯಾಪ್‌ಟಾಪ್ ತೆರೆದು ಕೂತಳು. ಊರೂರಿಂದ ತಂದಿದ್ದ ಯಂತ್ರಗಳಲ್ಲಿದ್ದದ್ದನ್ನೂ ನಮ್ಮ ಜಗಲಿಯದರಲ್ಲಿದ್ದದ್ದನ್ನೂ ಒಂದೇ ಕಡೆ ಎಳೆದುಕೊಂಡಳು. ಎಲ್ಲ ಕಲಸುಮೇಲೋಗರ. ಪರದೆಯ ಮೇಲೆ ಶಾಖ ತೋರಿಸುವ ಬೇಸಿಗೆಯ ಗೆರೆ ದೀಪಾವಳಿಯ ಹತ್ತಿರ ಹೋಗಿ ನಿಂತಿತ್ತು. ಅವಳ ಮುಖ ಬಾಡಿದ್ದು ಕಂಡು... ನನಗೆ ಒಳಗೊಳಗೇ ತಂಪಾಯಿತು.

ಚಹಾ ಕೊಡಲು ಹೋದಾಗ ಅವಳೇ ಬಿಡಿಸಿ ಹೇಳಿದಳು. ಕೆಲವು ಯಂತ್ರ ದಿನಾಂಕವನ್ನು ಮೊದಲು ಬರೆದು ಆಮೇಲೆ ತಿಂಗಳು ಬರೆಯುತ್ತವೆ, ಕೆಲವು ತಿಂಗಳನ್ನೇ ಮೊದಲು. ಕಂಪ್ಯೂಟರು ತನಗೆ ತೋಚಿದಂತೆ ಓದಿಕೊಂಡು ಮೇ ಹನ್ನೊಂದನ್ನು ನವೆಂಬರ್ ಐದು ಮಾಡಿಬಿಟ್ಟಿದೆ. ಯಾವ ಯಂತ್ರದ್ದು ಯಾವ ಕ್ರಮ ಅಂತ ಒಂದೊಂದಕ್ಕೇ ಬರೆದು ತಿಳಿಸಿದಳು. ಗೆರೆಗಳೆಲ್ಲ ಒಂದೊಂದಾಗಿ ಬೇಸಿಗೆಗೆ ವಾಪಸು ಬಂದವು.

ನಮ್ಮ ಮನೆಯದೊಂದು ಬಿಟ್ಟು.

"ಅಕ್ಕಾ, ಇಲ್ನೋಡು," ಅಂದಳು. ಗೆರೆಯ ಮೇಲೆ ದಿನಾಲೂ ನಸುಕಿಗೊಂದು, ಸಂಜೆಗೊಂದು ಸಣ್ಣ ದಿಬ್ಬ. ನಾನು ಹಚ್ಚಿದ ದೀಪದ ಕಾವು! ನನ್ನ ಇಷ್ಟು ದಿನದ ಸೇವೆಯನ್ನು ಏನೋ ಒಂದು ಕೂತು ನೋಡಿತ್ತು. ಕಣ್ಣು ತುಂಬಿಬಂತು. ತಿಂಗಳ ಕೆಲವು ದಿನ ದಿಬ್ಬಗಳಿರಲಿಲ್ಲ. ಯಾಕೆಂದು ಸುಜಾತ ಕೇಳಲಿಲ್ಲ. ಅವಳೂ ಹೆಂಗಸೇ.

ಆದರೆ ಗೆರೆ ಅವತ್ತಿಗೆ ನಿಂತಿರಲಿಲ್ಲ... ಮುಂದೆ ಹೋಗಿತ್ತು. ಇನ್ನೂ ಬಾರದ ದಿನಗಳಿಗೆ.

ಯಂತ್ರದ ಗಡಿಯಾರ ಮುಂದೆ ಓಡಿರಬೇಕೆಂದು ನೋಡಿದಳು. ಸರಿಯಾಗಿಯೇ ಇತ್ತು. ಭಂಡಾರದ ಪುಡಿ ಒಳಗೆ ಹೋಗಿರಬೇಕೆಂದು ಊದಿ, ಒರೆಸಿ, ಮತ್ತೆ ಎಳೆದುಕೊಂಡಳು. ಅದೇ ಗೆರೆ. ಅವತ್ತಿನ ರಾತ್ರಿಗೆ ಅದು ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಅದಾದ ಮೇಲೆ ಮತ್ತೆ ದಿಬ್ಬಗಳು. ಆದರೆ ನಸುಕಿನ ದಿಬ್ಬ ಮೊದಲಿನ ಜಾಗದಲ್ಲಿರಲಿಲ್ಲ, ದಿನದಿನಕ್ಕೂ ಹಿಂದೆ ಸರಿದಿತ್ತು. ನಾನು ಏಳುವುದಕ್ಕಿಂತ ಮೊದಲು... ಇನ್ನೂ ಮೊದಲು. ನಡುವೆ ಒಂದು ದಿನವೂ ಬಿಡುವಿಲ್ಲ.

ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ನನ್ನ ದೀಪ ಹಚ್ಚುವವರು ಯಾರು?

ಅತ್ತೆಗೆ ನಿದ್ದೆ ಹತ್ತಿತ್ತು. ನಮ್ಮವರು ಡಿಪೋದಲ್ಲಿ ರಾತ್ರಿ ಪಾಳಿಗೆ ಹೋಗಿದ್ದರು. ಒಳಕೋಣೆಯಲ್ಲಿ ಸುಜಾತ ಟಕಟಕ ಬರೆಯುತ್ತಿದ್ದಳು. ನಾನು ಸಂಜೆಯ ದೀಪ ಆರದಂತೆ ಎಣ್ಣೆ ಹೊಯ್ದು, ಚಾಪೆ ತಂದು ಜಗಲಿಯ ಮುಂದೆಯೇ ಕೂತೆ. ಸುಜಾತಳೇ ಆಗಲಿ, ಬೇರೆ ಯಾರೇ ಆಗಲಿ, ಬಂದು ಬತ್ತಿ ಮುಟ್ಟಿದರೆ ಕೈಹಿಡಿದೇ ಕೇಳಬೇಕು ಅಂತ.

ರಾಯಚೂರಿನ ಬೇಸಿಗೆ ನಿಮಗೆ ಗೊತ್ತಲ್ಲ, ನಡುರಾತ್ರಿಯಲ್ಲೂ ಗೋಡೆ ಮುಟ್ಟಿದರೆ ಬಿಸಿ. ಅಂಥದರಲ್ಲಿ ಮೊದಲು ನನ್ನ ಕಾಲ್ಬೆರಳು ತಣ್ಣಗಾದವು. ಆಮೇಲೆ ಮೊಣಕಾಲು. ಹಸಿ ಮಣ್ಣಿನ ವಾಸನೆ... ಅದರ ಜೊತೆಗೇ ಆಗತಾನೇ ಎಣ್ಣೆಯಲ್ಲಿ ಅದ್ದಿದ ಹತ್ತಿಯ ವಾಸನೆ. ದೀಪಕ್ಕೆಂದು ಫ್ಯಾನು ನಿಲ್ಲಿಸಿದ್ದೆ. ಗಾಳಿಯ ಸುಳಿವಿಲ್ಲ. ಆದರೂ ದೀಪದ ಕುಡಿ ನನ್ನ ಕಡೆಗೆ ಬಾಗಿತು, ಆಚೆಯಿಂದ ಯಾರೋ ಮೆಲ್ಲಗೆ ಉಸಿರು ಬಿಟ್ಟಂತೆ.

ಆರಿತು.

ಕತ್ತಲೆಯಲ್ಲಿ ಬಳೆಯ ಸದ್ದು. ನನ್ನ ಕೈ ಮಡಿಲಲ್ಲಿತ್ತು, ಅಲುಗಿರಲಿಲ್ಲ. ಒಳಗೆ ಸುಜಾತ ಬರೆಯುವ ಟಕಟಕ ಹಾಗೇ ಕೇಳುತ್ತಿತ್ತು. ಅತ್ತೆಯ ಗೊರಕೆಯೂ.

"ಯಾರು?" ಅಂದೆ.

ಸುಜಾತ ಮೊಬೈಲಿನ ಬೆಳಕು ಹಿಡಿದು ಬಂದಳು. "ದೀಪ ಯಾಕ ಆರಿಸಿದಿ ಅಕ್ಕಾ?"

"ನಾ ಆರಿಸಿಲ್ಲ."

ಅವಳು ಬೆಳಕನ್ನು ಜಗಲಿಯ ಮೇಲೆ ತಿರುಗಿಸಿದಳು. ಕುಂಕುಮದ ಸ್ಟೀಲು ಬಟ್ಟಲಿನ ಮೈಗೆಲ್ಲ ಸಣ್ಣ ಸಣ್ಣ ನೀರಹನಿ ಕೂತಿತ್ತು, ಫ್ರಿಜ್ಜಿನಿಂದ ತೆಗೆದಂತೆ. ಇಬ್ಬರೂ ಅದನ್ನೇ ನೋಡಿದೆವು. ಅವಳು ನನ್ನ ತೋಳು ಹಿಡಿದುಕೊಂಡಳು.

"ನಮ್ಮನಿ ಲೆಕ್ಕ ತೆಗೆದುಬಿಡ್ತೀನಿ," ಅಂದಳು. "ಉಳಿದ ಮನಿಗೋಳು ಸಾಕು."

"ಪೋತ್ನಾಳದ ಯಾರದೋ ಮನಿ ಇರಬೇಕು, ನಮ್ಮದು ಬ್ಯಾಡೇನು?"

"ಸರ್ ಕೇಳಿದ್ರ ಏನ್ ಹೇಳ್ಲಿ ಅಕ್ಕಾ? ಇನ್ನೂ ಆಗದೇ ಇದ್ದದ್ದು ಮೊದಲೇ ಬರದದ ಅಂತ ಹೇಳ್ಲೇನು?"

ಅವಳು ಒಳಗೆ ಹೋಗಿ ಏನೋ ಒತ್ತಿದಳು. ನನ್ನ ದಿಬ್ಬಗಳೆಲ್ಲ ಹೋದವು.

ಬೆಳಿಗ್ಗೆ ಸರ್ ಎಲ್ಲವನ್ನೂ ಒಪ್ಪಿದರಂತೆ. ಅತ್ತೆ ಓಣಿಗೆ ಸಕ್ಕರೆ ಹಂಚಿದರು. ಸುಜಾತ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಕಾಲಿಗೆ ನಮಸ್ಕಾರ ಮಾಡಿ, ಮಾನ್ವಿಯ ಬಸ್ಸು ಹತ್ತಿದಳು. ದೇವದುರ್ಗದ ಮನೆಗಳು ಅವಳ ಪುಸ್ತಕದಲ್ಲಿರುತ್ತವೆ. ಯಾರ್ಯಾರದೋ ಅಡಿಗೆಮನೆಗಳಿರುತ್ತವೆ. ನಮ್ಮ ಮನೆ ಇರುವುದಿಲ್ಲ.

ಅದರ ಮರುದಿನ ನಸುಕಿನಲ್ಲಿ ಎದ್ದು, ಮುಖ ತೊಳೆದು ಜಗಲಿಗೆ ಹೋದೆ. ದೀಪ ಉರಿಯುತ್ತಿತ್ತು.

ಬಾಗಿಲ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಅತ್ತೆ ಗೊರಕೆ ಹೊಡೆಯುತ್ತಿದ್ದರು, ನಮ್ಮವರು ಪಾಳಿಯಿಂದ ಇನ್ನೂ ಬಂದಿರಲಿಲ್ಲ. ಬಗ್ಗಿ ಬತ್ತಿ ನೋಡಿದೆ. ನಾನು ಹೊಸೆದದ್ದಲ್ಲ. ಎಳೆ ಎಳೆಯೂ ಕೂಡಿ, ನುಣ್ಣಗೆ... ನಾನು ಹೊಸೆಯುವುದಕ್ಕಿಂತ ಚೆನ್ನಾಗಿತ್ತು.

ಅಂದಿನಿಂದ ನಾನು ಇನ್ನೂ ಬೇಗ ಏಳುತ್ತೇನೆ. ಅದು ನನಗಿಂತ ಬೇಗ ಹತ್ತಿರುತ್ತದೆ. ನಾನು ಜಗಲಿ ಮುಟ್ಟದೆ ದೂರ ಕೂರುವ ದಿನಗಳಲ್ಲೂ ಹತ್ತಿರುತ್ತದೆ. ಆ ಗೆರೆ ಮುಂದೆ ಎಲ್ಲಿಯವರೆಗೆ ಹೋಗಿತ್ತು ಅಂತ ಸುಜಾತಳನ್ನು ಫೋನಿನಲ್ಲಿ ಕೇಳಬೇಕು ಅನ್ನಿಸುತ್ತದೆ. ಕೇಳಿಲ್ಲ. ಎಣ್ಣೆ ತೀರುವುದಿಲ್ಲ, ಮನೆಯಲ್ಲಿ ಯಾರಿಗೂ ಕೇಡಾಗಿಲ್ಲ, ಅದೊಂದು ತಾಯಿಯ ಕರುಣೆ.

ಈಗ್ಗೆ ನಾಲ್ಕು ದಿನದ ಹಿಂದೆ ಅತ್ತೆ ಜಗಲಿಯ ಮುಂದೆ ಕೂತು ಬಹಳ ಹೊತ್ತು ನೋಡಿದರು. ಮದುವೆಯಾಗಿ ಬಂದಾಗಿನಿಂದ ನನಗೆ ಒಂದು ಒಳ್ಳೆಯ ಮಾತು ಆಡದವರು ತಿರುಗಿ ಅಂದರು:

"ಈಗೀಗ ದೀಪ ಭಾಳ ಚಂದ ಹಚ್ಚಾಕತ್ತೀ ನೋಡವ್ವಾ. ಇಷ್ಟ್ ದಿನ ಹಿಂಗ ಇರಲಿಲ್ಲ."

ನನ್ನ ಬೆನ್ನ ಹಿಂದೆ, ಆ ರಾತ್ರಿ ಕತ್ತಲಲ್ಲಿ ಕೇಳಿದ್ದ ಅದೇ ಬಳೆಯ ಸದ್ದು ಒಮ್ಮೆ ಆಗಿ ನಿಂತಿತು. ಅಷ್ಟರಲ್ಲಿ ಹೊರಗೆ ನಳ ಬಂತೆಂದು ಓಣಿಯವರು ಕೂಗಿದರು. ಕೊಡ ಎತ್ತಿಕೊಂಡು ನೀರು ತುಂಬಲು ಹೋದೆ.