ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ

ಫೌಸ್ತಿನಾ ಇಪ್ಪತ್ತೆಂಟು ವರ್ಷಗಳಿಂದ ಪೆರುವಿನ ಒಂದು ರಾಷ್ಟ್ರೀಯ ಉದ್ಯಾನದ ಹಿಮಘಟ್ಟದಲ್ಲಿ ಪ್ರವಾಸಿಗರ ಗಂಟುಮೂಟೆಗಳನ್ನು ಕತ್ತೆಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದಾಳೆ. ಗಂಡ ಸತ್ತು ಅವಳು ಕತ್ತೆಯ ಹಗ್ಗ ಹಿಡಿದಾಗ ಊರ ಗಂಡಸರು ಮೂಗು ಮುರಿದಿದ್ದರು. ಮುರಿಯಲಿ ಬಿಡಿ! ಅವರ ಕತ್ತೆಗಳ ಬೆನ್ನೆಲ್ಲ ಹುಣ್ಣು. ಇವಳ ಕತ್ತೆ ಚಾಸ್ಕಾದ ಬೆನ್ನಿನಲ್ಲಿ ಒಂದು ಗೀರು ತೋರಿಸಿ ನೋಡೋಣ.

ಹೇರುವಾಗ ಕತ್ತೆ ಬೆದರದಿರಲೆಂದು ಅದರ ಕಣ್ಣಿಗೆ ಶಾಲು ಕಟ್ಟುತ್ತಾರೆ. ಹೊರೆ ಎಷ್ಟೆಂಬುದು ಕಣ್ಣು ಕಟ್ಟುವ ಮೊದಲೇ ತೀರ್ಮಾನವಾಗಿರಬೇಕು. ಕಟ್ಟಿದ ಮೇಲೆ ಒಂದು ಹಿಡಿ ಹುರಿದ ಜೋಳವನ್ನೂ ಸೇರಿಸುವಂತಿಲ್ಲ. ಈ ಕಟ್ಟಳೆ ಮುರಿದವನ ಜೊತೆ ಆ ಊರಿನವರು ಯಾರೂ ಘಟ್ಟ ಹತ್ತುವುದಿಲ್ಲ.

ಅವತ್ತು ಬೆಳಿಗ್ಗೆ ಚಾಸ್ಕಾದ ಕಣ್ಣು ಕಟ್ಟಿ, ಹೊರೆ ಬಿಗಿದು, ಫೌಸ್ತಿನಾ ಹೊಳೆಯಿಂದ ನೀರು ತುಂಬಿಕೊಂಡು ಬಂದಳು. ಬಂದು ಶಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಪ್ರವಾಸಿ ದಂಪತಿ ಮತ್ತು ಅವರ ಗೈಡ್ ಜೊತೆ ಹೊರಟಳು. ಗುಡಾರಗಳನ್ನು ಹೊತ್ತ ಇನ್ನೊಂದು ಕತ್ತೆ ಅವಳ ಮೈದುನನೊಂದಿಗೆ ಮುಂದೆ ಹೋಗಿತ್ತು. ನೆತ್ತಿಗೆ ಇನ್ನೂರು ಹೆಜ್ಜೆ ಇರುವಾಗ ಚಾಸ್ಕಾ ಮುಂಗಾಲು ಮಡಿಸಿ ಕುಸಿಯಿತು. ಬಾಯಲ್ಲಿ ನೊರೆ, ಮೈಯೆಲ್ಲ ನಡುಕ.

"ಬೇಗ ಏಳ್ಸು ದೊಡ್ಡಮ್ಮಾ!" ಲಿಮಾದಿಂದ ಬಂದ ಗೈಡ್ ರೆನ್ಸೊ ಕೂಗಿದ. "ಮೋಡ ಮುಚ್ಚಿದ್ರೆ ಶಿಖರ ಕಾಣಲ್ಲ. ಇವ್ರು ಅದಕ್ಕೇ ಅಷ್ಟು ದೂರದಿಂದ ಬಂದಿರೋದು."

ಫೌಸ್ತಿನಾ ಹೊರೆಯ ಹಗ್ಗ ಬಿಚ್ಚಿದಳು. ಹೊದಿಕೆಯ ಕೆಳಗೆ, ಅಡುಗೆ ಚೀಲಗಳ ನಡುವೆ ಮಡಿಸುವ ಮೇಜು, ಎರಡು ಕುರ್ಚಿ, ಆರು ಬಾಟಲಿ ವೈನ್!

"ಇದನ್ನ ಯಾವಾಗ ತುರುಕಿದೆ?"

"ನೀನು ನೀರಿಗೆ ಹೋದಾಗ. ಇವ್ರು ಮೇಲೆ ಕೂತು ಒಂದೊಂದು ಗ್ಲಾಸ್ ಕುಡೀಲಿ ಅಂತ..."

"ಕಣ್ಣು ಕಟ್ಟಿರುವಾಗಲಾ?"

"ಅದಕ್ಕೇನು ಗೊತ್ತಾಗತ್ತೆ? ಕತ್ತೆ ತಾನೆ!"

ಫೌಸ್ತಿನಾಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲೆ ಎಷ್ಟು ಸಿಟ್ಟೋ ತನ್ನ ಮೇಲೂ ಅಷ್ಟೇ. ಕಣ್ಣು ಕಟ್ಟಿದ ಪ್ರಾಣಿಯನ್ನು ಇಂಥವನ ಕೈಗೆ ಬಿಟ್ಟು ಹೋದೆನಲ್ಲ! ಚಾಸ್ಕಾ ಸತ್ತರೆ ಯಾರಿಗೆ ಏನಂತ ಹೇಳಲಿ? ಅವಳು ಅದರ ಕಿವಿ ತಿಕ್ಕಿದಳು, ಎದೆ ನೀವಿದಳು, ಹೆಸರು ಹಿಡಿದು ಕರೆದಳು. ಬಹಳ ಹೊತ್ತಿನ ಮೇಲೆ ಅದು ತಡವರಿಸುತ್ತ ಎದ್ದು ನಿಂತಿತು.

"ಇದು ನನ್ನ ಜೊತೆ ಕೆಳಗೆ ಬರತ್ತೆ."

"ಸಾಮಾನು? ನಾಳೆಯಿಂದ ನಿನಗೆ ಕೆಲಸ ಕೊಡಲ್ಲ, ನೋಡ್ತಿರು!"

"ನಾಳೆಯಿಂದ ನಿನ್ನ ಜೊತೆ ಯಾರು ಹತ್ತುತ್ತಾರೆ, ಅದನ್ನ ನೋಡ್ಕೊ. ಬಾ, ಬೆನ್ನು ಕೊಡು."

ನೋಡುತ್ತ ನಿಂತಿದ್ದ ಪ್ರವಾಸಿ ಹೆಂಗಸು ತಾನಾಗಿಯೇ ಬಂದು ಒಂದು ಅಡುಗೆ ಚೀಲವನ್ನು ಹೆಗಲಿಗೇರಿಸಿಕೊಂಡಳು. ಅವಳ ಗಂಡ ಇನ್ನೊಂದನ್ನು ಎತ್ತಿಕೊಂಡ. ರೆನ್ಸೊ ಕೂಡ ಹೊರೆಗೆ ಬೆನ್ನು ಬಗ್ಗಿಸಿದ. ಫೌಸ್ತಿನಾ ಮೇಜು, ಕುರ್ಚಿ, ಬಾಟಲಿ ಎಲ್ಲವನ್ನೂ ಹೇರಿ ಬಿಗಿದು, ಹೆಗಲ ಮೇಲಿನ ಶಾಲು ತೆಗೆದಳು. ಅವನು ಬೆಚ್ಚಿ ಹಿಂದೆ ಸರಿದ.

"ಹೆದರಬೇಡ. ನಿನ್ನ ಕಣ್ಣು ಕಟ್ಟಲ್ಲ. ಎಷ್ಟು ಹೇರಿದೀನಿ ಅಂತ ನೋಡ್ಕೊಂಡೇ ಹತ್ತು."

ಶಾಲನ್ನು ಚಾಸ್ಕಾದ ಬೆನ್ನಿಗೆ ಹೊದಿಸಿ, ಅವಳು ಅದನ್ನು ಕೆಳಗೆ ನಡೆಸಿಕೊಂಡು ಹೋದಳು.